ಎಣಿಸಿ ಹಾರಿದ ಸಾಲು

ಫೋನ್ ಬಂದಾಗ ನಾನು ಜಗಳೂರಿನಲ್ಲಿ ಅಮ್ಮನ ಕಣ್ಣಿಗೆ ಔಷಧಿ ಬಿಡುತ್ತಿದ್ದೆ. ಪೊರೆಯ ಆಪರೇಷನ್ ಆಗಿ ಐದು ದಿನವಾಗಿತ್ತು. ದಿನಕ್ಕೆ ಆರು ಸಲ ಹನಿ ಬಿಡಬೇಕು, ಬಗ್ಗಿ ಕೆಲಸ ಮಾಡಲು ಬಿಡಬಾರದು, ಒಲೆಯ ಹತ್ತಿರ ಹೋಗಗೊಡಬಾರದು. ಅಮ್ಮ ಈ ಮೂರರಲ್ಲಿ ಒಂದಕ್ಕೂ ಒಪ್ಪುವವಳಲ್ಲ. ಹಾಗಾಗಿ ನಾನು ಚನ್ನಗಿರಿಯಿಂದ ಲ್ಯಾಪ್‌ಟಾಪ್ ಸಮೇತ ಬಂದು, ಹದಿನೈದು ದಿನ ತವರಿನಲ್ಲೇ ಕೂತು ಕೆಲಸ ಮಾಡುವುದೆಂದು ತೀರ್ಮಾನವಾಗಿತ್ತು.

ಬೆಳಿಗ್ಗೆ ಹತ್ತರ ಸುಮಾರು. ಫೋನ್ ಮಾಡಿದವನು ನ್ಯಾಮತಿಯಲ್ಲಿರುವ ನನ್ನ ಸಹೋದ್ಯೋಗಿ. ನನಗಿಂತ ಹತ್ತು ವರ್ಷ ಚಿಕ್ಕವನು. ಅಣ್ಣನ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನು ಮಾಡುವ ಕೆಲಸವನ್ನೇ ಮಾಡುತ್ತಾನೆ. ಮೆಸೇಜ್ ಹಾಕುತ್ತಾನೆಯೇ ಹೊರತು ಫೋನ್ ಮಾಡುವವನಲ್ಲ.

"ಅಕ್ಕಾ, ಕೂತ್ಕಂಡಿದೀರಾ?"

"ಅಮ್ಮಂಗೆ ಔಷಧಿ ಬಿಡ್ತಾ ಇದೀನಿ. ಏನಾತು ಹೇಳು."

"ಮೊದ್ಲು ಕೂತ್ಕಳ್ರಿ."

ನಾನು ಕೂರಲಿಲ್ಲ. ಅವನು ಹೇಳಿದ: "ಆ ಕಾಗದದ ಪ್ರೋಗ್ರಾಂ ಐತಲ್ಲ, ಅದು ತಪ್ಪು ಕಾಗದ ಕಳ್ಸೈತೆ. ಒಬ್ಬ ಹೆಣ್ಮಗಳಿಗೆ ಎರಡ್ನೇ ಸಲ ಟೆಸ್ಟಿಗೆ ಬರ್ರಿ ಅಂತ ಹೋಗ್ಬೇಕಿತ್ತು. ಏನೂ ತೊಂದ್ರೆ ಇಲ್ಲ, ಮೂರು ವರ್ಷ ಬಿಟ್ಟು ಬರ್ರಿ ಅಂತ ಹೋಗೈತೆ."

"ಒಬ್ರಿಗಾ?"

"ಗೊತ್ತಾಗಿರೋದು ಒಬ್ರು."

ಹನಿ ಕಣ್ಣಿಗೆ ಬೀಳದೆ ಅಮ್ಮನ ಕೆನ್ನೆಯ ಮೇಲೆ ಬಿತ್ತು. ಕಪ್ಪು ಕನ್ನಡಕ ತೆಗೆದಿದ್ದ ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು, "ಯಾರು ಹೋದ್ರವ್ವಾ?"

"ಯಾರೂ ಹೋಗಿಲ್ಲಮ್ಮ."

"ಮತ್ಯಾಕೆ ಕಣ್ಣಿನ ಹನಿ ಕೆನ್ನಿಗೆ ಬಿಟ್ಟಿ?"

ನಮ್ಮ ಕೆಲಸ ಏನೆಂದು ಇಲ್ಲಿ ಹೇಳಬೇಕು. ದೂರದ ಒಂದು ದೇಶದಲ್ಲಿ ಹೆಂಗಸರಿಗೆಲ್ಲ ಕೆಲವು ವರ್ಷಕ್ಕೊಮ್ಮೆ ಎದೆಯ ತಪಾಸಣೆ ಮಾಡುತ್ತಾರೆ. ಗಂಟು ಇದ್ದರೆ ಬೇಗ ಗೊತ್ತಾಗಲಿ ಎಂದು. ಫಲಿತಾಂಶಗಳೆಲ್ಲ ಒಂದು ದೊಡ್ಡ ಹಳೆಯ ಕಂಪ್ಯೂಟರಿಗೆ ಹೋಗುತ್ತವೆ. ಮೇನ್‌ಫ್ರೇಮ್ ಎನ್ನುತ್ತಾರೆ. ಅದರೊಳಗಿನ ಒಂದು ಪ್ರೋಗ್ರಾಂ ಒಬ್ಬೊಬ್ಬರ ಫೈಲು ಓದಿ ಯಾರಿಗೆ ಯಾವ ಕಾಗದ ಹೋಗಬೇಕೆಂದು ನಿರ್ಧರಿಸುತ್ತದೆ: ಎಲ್ಲ ಸರಿಯಿದೆ ಎಂಬ ಕಾಗದವೋ, ಇನ್ನೊಮ್ಮೆ ಬನ್ನಿ ಎಂಬ ಕಾಗದವೋ. ಅದನ್ನು ಬರೆದಿರುವುದು ಅಸೆಂಬ್ಲರ್ ಎಂಬ ಭಾಷೆಯಲ್ಲಿ. ಈಗ ಅದನ್ನು ಕಲಿಯುವವರೂ ಇಲ್ಲ, ಕಲಿಸುವವರೂ ಇಲ್ಲ. ಚನ್ನಗಿರಿಯಲ್ಲಿ ನಾನು, ನ್ಯಾಮತಿಯಲ್ಲಿ ಅವನು, ಇಬ್ಬರೂ ಆ ಪ್ರೋಗ್ರಾಂ ನೋಡಿಕೊಳ್ಳುತ್ತೇವೆ.

ನಮಗೆ ಅದನ್ನು ಕಲಿಸಿದವರು ಹೊನ್ನಾಳಿಯ ಮೇಡಂ. ಇಪ್ಪತ್ತು ವರ್ಷ ಅದನ್ನು ಒಬ್ಬರೇ ಸಾಕಿದವರು. ಎದೆಯಲ್ಲಿ ಕ್ಯಾನ್ಸರ್ ಕಂಡು, ಕೆಲಸ ಬಿಟ್ಟು ಚಿಕಿತ್ಸೆಗೆಂದು ಊರಿಗೆ ಬಂದಾಗ ಕಂಪನಿಯವರು ಬದಲಿ ಜನ ಹುಡುಕಿ ಸೋತರು. ಆಗ ಮೇಡಂ, "ನಾನೇ ಇಲ್ಲಿಂದ ಇಬ್ಬರನ್ನು ತಯಾರು ಮಾಡಿ ಕೊಡ್ತೀನಿ" ಅಂದರಂತೆ. ಚನ್ನಗಿರಿಯ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನನ್ನನ್ನು ಯಾರೋ ಅವರಿಗೆ ಹೇಳಿದರು. ಹತ್ತು ತಿಂಗಳ ಕಾಲ ಪ್ರತಿ ಭಾನುವಾರ ನಾನು ಬಸ್ಸಿನಲ್ಲಿ, ಅವನು ನ್ಯಾಮತಿಯಿಂದ ಬೈಕಿನಲ್ಲಿ, ಹೊನ್ನಾಳಿಗೆ ಹೋದೆವು. ಔಷಧಿಯಿಂದ ಕೂದಲು ಉದುರಿದ ತಲೆಗೆ ಕಾಟನ್ ವೇಲು ಸುತ್ತಿಕೊಂಡು, ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಬರೆದು ಬರೆದು ಕಲಿಸಿದರು. ತಾಳ್ಮೆ ಕಡಿಮೆ. ತಪ್ಪು ಮಾಡಿದರೆ ಪೆನ್ನಿನಿಂದಲೇ ಬೆರಳ ಗಂಟಿಗೆ ಕುಟ್ಟುತ್ತಿದ್ದರು. ನನಗಾಗಲೇ ನಲವತ್ತು ಹತ್ತಿರವಾಗಿತ್ತು.

ಅವರು ಹೆಚ್ಚು ಕುಟ್ಟಿದ್ದು ಒಂದೇ ವಿಷಯಕ್ಕೆ. ಪ್ರೋಗ್ರಾಂ ಸಾಲಿನಿಂದ ಸಾಲಿಗೆ ಇಳಿಯುತ್ತಾ ಹೋಗುತ್ತದೆ. ಕೆಲವೊಮ್ಮೆ ನಡುವಿನ ಒಂದೆರಡು ಸಾಲು ಬಿಟ್ಟು ಮುಂದಕ್ಕೆ ಹಾರಬೇಕಾಗುತ್ತದೆ. ಎಲ್ಲಿಗೆ ಹಾರಬೇಕು ಎಂಬ ವಿಳಾಸವನ್ನು ಎರಡು ರೀತಿ ಬರೆಯಬಹುದು. ಇಳಿಯುವ ಸಾಲಿಗೆ ಒಂದು ಹೆಸರಿಟ್ಟು, ಆ ಹೆಸರಿಗೆ ಹೋಗು ಎನ್ನುವುದು ಒಂದು. ಇಲ್ಲಿಂದ ಹತ್ತು ಬೈಟ್ ಮುಂದಕ್ಕೆ ಹೋಗು ಎಂದು ಎಣಿಸಿ ಹೇಳುವುದು ಇನ್ನೊಂದು. ಬೈಟ್ ಎಂದರೆ ಸಾಲಿನ ಉದ್ದ ಅಳೆಯುವ ಮಾನ. ಒಂದು ನಕ್ಷತ್ರ ಚಿಹ್ನೆ, ಕೂಡಿಸುವ ಗುರುತು, ಹತ್ತು. ಬರೆಯಲು ಸುಲಭ, ಹೆಸರು ಯೋಚಿಸಬೇಕಾಗಿಲ್ಲ. ಆದರೆ ನಾಳೆ ಯಾರಾದರೂ ನಡುವೆ ಹೊಸ ಸಾಲು ಸೇರಿಸಿದರೆ ಹೆಸರಿನ ವಿಳಾಸ ತಾನೇ ಸರಿಹೋಗುತ್ತದೆ, ಎಣಿಸಿದ್ದು ಹಾಗೇ ಉಳಿಯುತ್ತದೆ.

"ಹೆಸರಿಟ್ಟು ಹಾರ್ರಿ," ಎನ್ನುತ್ತಿದ್ದರು ಮೇಡಂ. "ಎಣಿಸಿ ಹಾರಬ್ಯಾಡ್ರಿ. ಎಣಿಸ್ದೋರು ಯಾರೂ ಉಳ್ದಿಲ್ಲ."

ಜಗಳೂರಿನ ಮನೆಯ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ ನನಗೆ ಹುಡುಕಲು ಕಾಲು ಗಂಟೆಯೂ ಬೇಕಾಗಲಿಲ್ಲ. ಏಳು ವಾರದ ಹಿಂದೆ ಆ ಪ್ರೋಗ್ರಾಮಿನಲ್ಲಿ ನಾನೊಂದು ಬದಲಾವಣೆ ಮಾಡಿದ್ದೆ. ಒಂದೇ ಒಂದು ಸಾಲು.

ಒಂದು ಜಿಲ್ಲೆ ಬಿಟ್ಟು ಇನ್ನೊಂದು ಜಿಲ್ಲೆಗೆ ಮನೆ ಬದಲಿಸಿದ ಹೆಂಗಸರ ಫೈಲುಗಳಿಗೆ ಮಾತ್ರ ಅಲ್ಲೊಂದು ಪುಟ್ಟ ಭಾಗವಿದೆ. ಫಲಿತಾಂಶದಲ್ಲಿ ಸಂಶಯವಿರುವ ಹೆಂಗಸು ಆಗಲೇ ಬೇರೆ ಕೇಂದ್ರದಲ್ಲಿ ಎರಡನೇ ಪರೀಕ್ಷೆ ಮಾಡಿಸಿಕೊಂಡು, ಅಲ್ಲಿ ಸರಿಯಿದೆ ಎಂದಾಗಿದೆಯೇ ಎಂದು ಆ ಭಾಗ ನೋಡುತ್ತದೆ. ಆಗಿದ್ದರೆ ಕಾಗದವನ್ನು 'ಎಲ್ಲ ಸರಿಯಿದೆ' ಎಂದು ಬದಲಿಸುತ್ತದೆ. ಆಗಿಲ್ಲದಿದ್ದರೆ ಆ ಸಾಲನ್ನು ಹಾರಿ ಮುಂದೆ ಹೋಗುತ್ತದೆ, 'ಇನ್ನೊಮ್ಮೆ ಬನ್ನಿ' ಎಂಬ ಕಾಗದ ಹಾಗೇ ಉಳಿಯುತ್ತದೆ. ಪರೀಕ್ಷೆ ಮಾಡಿಸಿಕೊಂಡವರ ಕಾಗದದಲ್ಲಿ ಆ ಕೇಂದ್ರದ ಹೆಸರೂ ಬರಲಿ ಎಂದು ಆ ದೇಶದ ಕಚೇರಿಯವರು ಕೇಳಿದ್ದರು. ನಾನು ಕೇಂದ್ರದ ಹೆಸರು ತುಂಬುವ ಸಾಲನ್ನು ಕಾಗದ ಬದಲಿಸುವ ಸಾಲಿನ ಮೇಲೆ ಸೇರಿಸಿದ್ದೆ.

ಅದರ ಮೇಲಿನ ಸಾಲಿನಲ್ಲಿತ್ತು: ಇಲ್ಲಿಂದ ಹತ್ತು ಬೈಟ್ ಮುಂದಕ್ಕೆ ಹಾರು.

ಹಾರುವ ಸಾಲಿಗೇ ನಾಲ್ಕು ಬೈಟು, ಕಾಗದ ಬದಲಿಸುವ ಸಾಲಿಗೆ ಆರು. ಹತ್ತು ಸರಿಯಾಗಿತ್ತು. ನಾನು ನಡುವೆ ಇನ್ನೂ ಆರು ಬೈಟು ತುರುಕಿದ ಮೇಲೆ ಅದು ಹದಿನಾರಾಗಬೇಕಿತ್ತು. ಆಗಿರಲಿಲ್ಲ. ಪರೀಕ್ಷೆ ಮಾಡಿಸಿಕೊಳ್ಳದ ಹೆಂಗಸಿನ ಫೈಲು ಬಂದಾಗ ಪ್ರೋಗ್ರಾಂ ನನ್ನ ಹೊಸ ಸಾಲನ್ನು ಮಾತ್ರ ಹಾರಿ, ನೇರವಾಗಿ 'ಎಲ್ಲ ಸರಿಯಿದೆ' ಎಂಬ ಸಾಲಿನ ಮೇಲೆ ಹೋಗಿ ನಿಲ್ಲುತ್ತಿತ್ತು. ನಾನು ಸೇರಿಸಿದ್ದು ನಾಲ್ಕು ಬೈಟಿನ ಸಾಲಾಗಿದ್ದರೆ ಅದು ಒಂದು ಸಾಲಿನ ಹೊಟ್ಟೆಯೊಳಗೆ ಬಿದ್ದು, ಅರ್ಥವಾಗದೆ, ಆ ದಿನವೇ ಪ್ರೋಗ್ರಾಂ ಸತ್ತುಬೀಳುತ್ತಿತ್ತೇನೋ. ಸತ್ತಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಆರು ಬೈಟು ಸರಿಯಾಗಿ ಹೊಂದಿಕೊಂಡುಬಿಟ್ಟಿತ್ತು. ಏಳು ವಾರ ಒಂದು ದೂರೂ ಇಲ್ಲದೆ ಅಚ್ಚುಕಟ್ಟಾಗಿ ಓಡಿತ್ತು.

ನನಗೆ ಅಳು ಬರಲಿಲ್ಲ. ಎದ್ದು ಹೋಗಿ ಒಂದು ಚೊಂಬು ನೀರು ಕುಡಿದೆ, ಬಂದು ಮತ್ತೆ ಅದೇ ಸಾಲು ನೋಡಿದೆ. ಆ ಬದಲಾವಣೆ ಮಾಡಿದ ದಿನ ಏನಾಗಿತ್ತು ಎಂದು ನೆನಪಿಸಿಕೊಳ್ಳಲು ಒದ್ದಾಡಿದೆ. ಜ್ವರವಿತ್ತೇ, ಮನೆಗೆ ಯಾರಾದರೂ ಬಂದಿದ್ದರೇ, ಕರೆಂಟು ಹೋಗಿತ್ತೇ? ಏನೂ ಇಲ್ಲ. ಸಾಧಾರಣ ದಿನ. ಸಮಾಧಾನವಾಗಿ ಕೂತು, ಚೆನ್ನಾಗಿ ಯೋಚಿಸಿ ಮಾಡಿದ ಕೆಲಸ. ಆ ನಕ್ಷತ್ರ ಚಿಹ್ನೆಯನ್ನು ನಾನು ನೋಡಿಯೂ ಇದ್ದೆ. ಮೇಡಂ ಬಿಟ್ಟುಹೋದ ಪ್ರೋಗ್ರಾಂ, ಅವರ ಕಣ್ಣು ತಪ್ಪಿಸಿ ಇಲ್ಲೇನೂ ಇರಲಾರದು ಎಂಬ ಭರವಸೆಯಲ್ಲಿ ಕಣ್ಣು ಅದರ ಮೇಲೆ ಜಾರಿಹೋಗಿತ್ತು.

ನ್ಯಾಮತಿಗೆ ಫೋನ್ ಮಾಡಿದೆ. "ಸಿಕ್ತು. ನಂದೇ ಸಾಲು."

ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪಿಗೆ ಒತ್ತಬೇಕೆಂಬುದು ನಮ್ಮ ನಿಯಮ.

"ನೀನು ಪರಿಶೀಲನೆ ಮಾಡಿದಾಗ ಕಾಣ್ಲಿಲ್ವಾ?" ಕೇಳಬಾರದಿತ್ತು, ಕೇಳಿಬಿಟ್ಟೆ.

"ನಾನು ನೋಡ್ಲೇ ಇಲ್ಲಕ್ಕ," ಅಂದ. ಕೆಳಗೆ ಅಂಗಡಿಯಲ್ಲಿ ಯಾರೋ ಕಬ್ಬಿಣದ ಸರಳು ಎಳೆಯುವ ಸದ್ದು ಕೇಳುತ್ತಿತ್ತು. "ನೀವು ಬರ್ದಿದ್ದು ಅಂದ್ರೆ ಸರಿ ಇರ್ತೈತೆ ಅಂತ ಒಪ್ಪಿಗೆ ಒತ್ತಿಬಿಟ್ಟೆ. ಎಷ್ಟೋ ಸಲ ಹಂಗೇ ಒತ್ತೀನಿ. ಸುಳ್ಳು ಹೇಳಾಕೆ ಆಗಲ್ಲಕ್ಕ."

ಆ ದಿನದ ಎರಡನೇ ಪೆಟ್ಟು ಅದು. ಆರು ವರ್ಷ ನನ್ನ ಹಿಂದೆ ಒಬ್ಬ ಕಾಯುತ್ತಿದ್ದಾನೆ ಎಂದು ಧೈರ್ಯವಾಗಿ ಬರೆದಿದ್ದೆ. ಅಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನದೊಳಗೆ ಸಾಲು ಸರಿಮಾಡಿದೆವು. ಈ ಸಲ ಇಳಿಯುವ ಜಾಗಕ್ಕೆ ಹೆಸರಿಟ್ಟೆ. ಅವನು ಒಂದೊಂದು ಬೈಟನ್ನೂ ಫೋನಿನಲ್ಲಿ ಗಟ್ಟಿಯಾಗಿ ಎಣಿಸಿದ. ಮನೆ ಬದಲಿಸಿದ, ಎರಡನೇ ಪರೀಕ್ಷೆ ಆಗದ ಹೆಂಗಸಿನ ನಕಲಿ ಫೈಲೊಂದನ್ನು ಮಾಡಿ ಓಡಿಸಿ ನೋಡಿದೆವು. ಹಿಂದೆ ಆ ಒಂದು ಬಗೆಯ ಫೈಲನ್ನು ಬಿಟ್ಟು ಮಿಕ್ಕೆಲ್ಲವನ್ನೂ ನಾನು ಓಡಿಸಿ ನೋಡಿದ್ದೆ. ಆಮೇಲೆ ಏಳು ವಾರದ ಫೈಲುಗಳನ್ನೆಲ್ಲ ಜರಡಿ ಹಿಡಿದೆವು. ಹನ್ನೊಂದು ಜನ.

ಹೆಸರುಗಳನ್ನು ನಮಗೆ ತೋರಿಸುವುದಿಲ್ಲ, ಫೈಲಿನ ನಂಬರು ಮತ್ತು ಹುಟ್ಟಿದ ವರ್ಷ ಮಾತ್ರ. ಒಬ್ಬರು ನನ್ನ ವಯಸ್ಸಿನವರು. ಇಬ್ಬರು ಅಮ್ಮನ ವಯಸ್ಸಿಗೆ ಹತ್ತಿರದವರು. ಹನ್ನೊಂದು ನಂಬರನ್ನು ಅಲ್ಲಿಯ ಕಚೇರಿಗೆ ಕಳಿಸಿ, ಏನಾಯಿತು, ಯಾಕಾಯಿತು, ಯಾರಿಂದಾಯಿತು ಎಂದು ಬರೆದೆ. ಯಾರಿಂದ ಎಂಬ ಕಡೆ ನನ್ನ ಹೆಸರು ಹಾಕಿದೆ. ಐದು ನಿಮಿಷದ ಮೇಲೆ ನ್ಯಾಮತಿಯವನು ಅದರ ಕೆಳಗೆ ತನ್ನ ಹೆಸರನ್ನೂ ಸೇರಿಸಿ ಕಳಿಸಿದ.

ಅಮ್ಮನಿಗೆ ಊಟಕ್ಕೆ ಬಡಿಸುವಾಗ ವಿಷಯ ಹೇಳಿದೆ. ಅವಳಿಗೆ ಅರ್ಥವಾಗುವಂತೆ ಹೇಳುವುದು ಕಷ್ಟವೆಂದುಕೊಂಡಿದ್ದೆ. ಅವಳು ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ಬರ್ರಿ ಅನ್ನೋ ಕಾಗ್ದ ಹೋಗ್ಬೇಕಾಗಿದ್ದ ಮನಿಗೆ ಬರಬ್ಯಾಡ್ರಿ ಅಂತ ಹೋತು, ಅಷ್ಟೇ ಹೌದಿಲ್ಲೋ?" ಅಂದಳು. ಅಷ್ಟೇ ಅಂದೆ. "ಅಯ್ಯೋ ಶಿವನೇ," ಎಂದು ತಟ್ಟೆ ಸರಿಸಿದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂರು ದಿನ ಕಳೆದ ಮೇಲೆ, ಪಕ್ಕದ ಮನೆಯ ಚಿಕ್ಕಮ್ಮನಿಗೆ ಹನಿ ಬಿಡುವುದನ್ನು ಹೇಳಿಕೊಟ್ಟು, ದಾವಣಗೆರೆಗೆ ಹೋಗಿ ಬಸ್ಸು ಬದಲಿಸಿ ಹೊನ್ನಾಳಿಗೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿತ್ತು. ನ್ಯಾಮತಿಯವನು ಬಸ್‌ಸ್ಟ್ಯಾಂಡಿನಲ್ಲಿ ಬೈಕಿನ ಮೇಲೆ ಕಾಯುತ್ತಿದ್ದ. ಗಡ್ಡ ಬೋಳಿಸಿರಲಿಲ್ಲ. "ಆಫೀಸಿನ ಕೋಡು ಹೊರಗೆ ತೋರ್ಸಂಗಿಲ್ಲ ಅಕ್ಕ, ಲ್ಯಾಪ್‌ಟಾಪ್ ತೆಗೀಬ್ಯಾಡ್ರಿ," ಎಂದು ದಾರಿಯಲ್ಲಿ ಎರಡು ಸಲ ಎಚ್ಚರಿಸಿದ.

ಮೇಡಂ ಚೆನ್ನಾಗಿಯೇ ಇದ್ದರು. ಕೂದಲು ಬೆಳ್ಳಗೆ, ಗಿಡ್ಡವಾಗಿ, ಗುಂಗುರಾಗಿ ಬಂದಿತ್ತು. ಇಬ್ಬರನ್ನೂ ಒಟ್ಟಿಗೆ ಕಂಡು, "ಏನ್ರಪ್ಪಾ, ಕೆಲಸ ಬಿಟ್ರಾ?" ಎಂದು ನಕ್ಕರು. ನಾನು ಎಲ್ಲವನ್ನೂ ಹೇಳಿದೆ. ನಕ್ಷತ್ರ ಚಿಹ್ನೆಯ ಮಾತು ಬಂದಾಗ ತಡೆದರು.

"ನಾನು ಹಂಗೆ ಬರೆಯೋಳೇ ಅಲ್ಲ. ನನಗಿಂತ ಮುಂಚೆ ಯಾರೋ ಬರೆದಿರ್ತಾರೆ."

"ಆ ಭಾಗ ಪೂರ್ತಿ ನಿಮ್ದೇ ಮೇಡಂ. ತಾರೀಕು ಐತೆ. ಎರಡು ಸಾವಿರದ ಇಸವಿ ಬರಾಕೆ ಎರಡು ತಿಂಗಳು ಮುಂಚೆ," ಅಂದ ನ್ಯಾಮತಿಯವನು.

ನಾನು ಒಂದು ಕಾಗದದ ಮೇಲೆ ಹಾರುವ ಆ ಸಾಲನ್ನಷ್ಟೇ ನೆನಪಿನಿಂದ ಬರೆದು ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

"ಇದು ಇನ್ನೂ ಓಡ್ತಾ ಐತಾ?" ಅಂದರು.

ಇಸವಿ ಬದಲಾದರೆ ಹಳೆಯ ಕಂಪ್ಯೂಟರುಗಳು ತಾರೀಕು ತಪ್ಪು ಓದುತ್ತವೆಂಬ ಆಗಿನ ಗಡಿಬಿಡಿಯಲ್ಲಿ ಅವರು ದಿನಕ್ಕೆ ನೂರಾರು ಸಾಲು ಬರೆಯುತ್ತಿದ್ದರಂತೆ. ಆಮೇಲೆ ಹೆಸರಿಟ್ಟರಾಯಿತು, ಆಮೇಲೆ ತಿದ್ದಿದರಾಯಿತು ಎಂದು ಎಣಿಸಿ ಹಾರಿಸಿದ್ದು ಎಷ್ಟೋ. ಕೆಲವನ್ನು ತಿದ್ದಿದ್ದೂ ನೆನಪಿತ್ತು. ಎಲ್ಲವನ್ನೂ ತಿದ್ದಿಯಾಯಿತು ಎಂದೇ ಅವರು ನಂಬಿದ್ದರು.

"ನಿಮ್ಮ ಬೆರಳಿಗೆ ಕುಟ್ತಿದ್ನಲ್ಲೇ ನಾನು," ಎಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ಕೇಳಿದರು, "ಆ ಹನ್ನೊಂದು ಜನ ಏನಾದ್ರು?"

"ಎಂಟು ಜನ ಸಿಕ್ಕಿದಾರೆ. ಟೆಸ್ಟಿಗೆ ಕರ್ಸಿದಾರೆ. ಮೂರು ಜನ ಮತ್ತೆ ಮನೆ ಬದಲಿಸಿದಾರಂತೆ, ಹುಡುಕ್ತಾ ಇದಾರೆ."

ಮೇಡಂ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ನಮ್ಮ ಕಡೆ ಬೆನ್ನು ಹಾಕಿಯೇ ಮಾತಾಡಿದರು. "ಇಪ್ಪತ್ತು ವರ್ಷ ಅಲ್ಲಿಯ ಹೆಣ್ಮಕ್ಳಿಗೆ ಬರ್ರಿ ಬರ್ರಿ ಅಂತ ಕಾಗ್ದ ಕಳ್ಸಿದೆ. ನಾನು ಒಂದು ದಿನ ಟೆಸ್ಟ್ ಮಾಡಿಸ್ಲಿಲ್ಲ ನೋಡು. ಗಂಟು ಕೈಗೇ ಸಿಕ್ಕಿತು, ಸ್ನಾನ ಮಾಡುವಾಗ. ಆಗ್ಲೇ ತಡ ಆಗಿತ್ತು ಅಂದ್ರು ಡಾಕ್ಟ್ರು." ತಿರುಗಿ ನನ್ನನ್ನೇ ನೋಡಿದರು. "ನೀನು ಮಾಡ್ಸಿದೀಯೇನೇ?"

ಆರು ವರ್ಷದಿಂದ ಅದೇ ಕಾಗದಗಳ ಜೊತೆ ದಿನ ಕಳೆದಿದ್ದೆ. ಯಾವ ವಯಸ್ಸಿಗೆ, ಎಷ್ಟು ವರ್ಷಕ್ಕೊಮ್ಮೆ ಎಂಬುದೆಲ್ಲ ನನಗೆ ಬಾಯಿಪಾಠ. ನನಗೂ ಒಂದು ಎದೆಯಿದೆ ಎಂಬುದೇ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ನ್ಯಾಮತಿಯವನು ಸಂಕೋಚದಿಂದ ಎದ್ದು ಬೈಕ್ ನೋಡಿಕೊಂಡು ಬರುತ್ತೇನೆಂದು ಹೊರಗೆ ಹೋದ.

ಆಮೇಲಿನ ದಿನಗಳಲ್ಲಿ ನಾನು ಹೆದರಿದ್ದು ಯಾವುದೂ ಆಗಲಿಲ್ಲ. ಕಂಪನಿಯವರು ಬೈಯಲಿಲ್ಲ, ಕೆಲಸದಿಂದ ತೆಗೆಯಲಿಲ್ಲ. ಎಚ್ಚರಿಕೆಯಿಂದ ಕೆಲಸ ಮಾಡುವುದು ಹೇಗೆ ಎಂದು ಅರ್ಧ ಗಂಟೆಯ ಒಂದು ವಿಡಿಯೋ ಪಾಠ ಕೊಟ್ಟು, ಕೊನೆಯಲ್ಲಿ ಆರು ಪ್ರಶ್ನೆ ಕೇಳಿ, ಪಾಸಾಗಿದ್ದೀರಿ ಎಂದರು. ಮೇಡಂ ತಾವೇ ಕಂಪನಿಗೆ ಫೋನ್ ಮಾಡಿ, ಎಣಿಸಿ ಹಾರಿಸಿದ ಪ್ರತಿಯೊಂದು ಸಾಲನ್ನೂ ಹುಡುಕಿ ತೆಗೆಯುವ ತನಕ ತಮ್ಮನ್ನು ಮತ್ತೆ ಕೆಲಸಕ್ಕೆ ಹಾಕಿಕೊಳ್ಳಿ ಎಂದು ಪಟ್ಟು ಹಿಡಿದು ಕೂತರು. ಎರಡು ತಿಂಗಳಿಗೆ ಹಾಕಿಕೊಂಡರು.

ಅಮ್ಮನ ಕಪ್ಪು ಕನ್ನಡಕ ಪೂರ್ತಿ ತೆಗೆದ ಮೇಲೆ ನಾನು ಚನ್ನಗಿರಿಗೆ ಮರಳಿದೆ. ಮೂವರೂ ಮೂರು ಊರಲ್ಲಿ ಕೂತು ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡುತ್ತಿದ್ದೆವು. ಒಬ್ಬರು ಓದುವುದು, ಒಬ್ಬರು ಇಳಿಯುವ ಸಾಲಿಗೆ ಹೆಸರಿಡುವುದು, ಒಬ್ಬರು ಮತ್ತೆ ನೋಡುವುದು. ನೋಡುವ ಕೆಲಸವನ್ನು ನ್ಯಾಮತಿಯವನೇ ಬೇಡಿ ಪಡೆದ. ಒಂದೊಂದು ಒಪ್ಪಿಗೆ ಒತ್ತುವ ಮುಂಚೆಯೂ "ನೋಡಿದೆ" ಎಂದು ಬಾಯಿಬಿಟ್ಟು ಹೇಳುತ್ತಿದ್ದ. ನಲವತ್ತಕ್ಕಿಂತ ಹೆಚ್ಚು ಸಿಕ್ಕವು. ಬಹುಪಾಲು ಮೇಡಂ ಬರೆದವು. ಸಿಕ್ಕಾಗಲೆಲ್ಲ ಫೋನಿನ ಆ ಕಡೆ "ಥೂ" ಎನ್ನುವ ಸದ್ದು ಬರುತ್ತಿತ್ತು.

ಎರಡು ನನ್ನವು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷದವು. ತಾರೀಕು ನೋಡಿದೆ, ನನ್ನ ಹೆಸರು ನೋಡಿದೆ, ಬರೆದದ್ದು ಸ್ವಲ್ಪವೂ ನೆನಪಿಗೆ ಬರಲಿಲ್ಲ. ಬೆರಳ ಗಂಟು ಇನ್ನೂ ನೋಯುತ್ತಿದ್ದ ಕಾಲದಲ್ಲೇ ಬರೆದಿದ್ದೆ. "ಹೆಸರಿಡು, ಮುಂದಕ್ಕೆ ನಡಿ," ಅಂದರು ಮೇಡಂ.

ನಡುವೆ ಒಂದು ದಿನ ಅವರೇ ನನ್ನನ್ನು ದಾವಣಗೆರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಏನೂ ಇಲ್ಲ ಅಂದರು ಡಾಕ್ಟರು. ವರದಿಯನ್ನು ಮೇಡಂ ನನ್ನ ಕೈಯಿಂದ ಕಸಿದುಕೊಂಡು ಮೊದಲಿನಿಂದ ಕೊನೆಯವರೆಗೆ ತಾವೂ ಒಮ್ಮೆ ಓದಿದರು.

ಹನ್ನೊಂದು ಜನರೂ ಸಿಕ್ಕರು. ಕೊನೆಯವರು ಸಿಕ್ಕಲು ಮೂರು ವಾರ ಹಿಡಿಯಿತು. ಒಂಬತ್ತು ಜನರಿಗೆ ಏನೂ ಇರಲಿಲ್ಲ. ಇಬ್ಬರಿಗೆ ಚಿಕಿತ್ಸೆ ಶುರುವಾಯಿತು. ಏಳು ವಾರ ಮುಂಚೆಯೇ ಶುರುವಾಗಿದ್ದರೆ ವ್ಯತ್ಯಾಸವಾಗುತ್ತಿತ್ತೇ ಎಂದು ನಾನು ಅಲ್ಲಿಯ ಕಚೇರಿಗೆ ಬರೆದು ಕೇಳಿದೆ. ಆಗುತ್ತಿರಲಿಲ್ಲ ಎಂದು ಡಾಕ್ಟರು ಭಾವಿಸುತ್ತಾರೆ, ಆದರೆ ಖಚಿತವಾಗಿ ಹೇಳಲಾಗದು ಎಂದು ಉತ್ತರ ಬಂತು. ಆ ಉತ್ತರವನ್ನು ಮೇಡಂಗೆ ಓದಿ ಹೇಳಿದೆ. "ಹೇಳಾಕೆ ಆಗಲ್ಲ ಅವರಿಗೆ," ಎಂದಷ್ಟೇ ಅಂದರು.

ಇಬ್ಬರಲ್ಲಿ ಒಬ್ಬರು, ಮೊದಲು ದೂರು ಕೊಟ್ಟ ಹೆಂಗಸು. ಬೇರೇನೋ ಕಾಯಿಲೆಗೆಂದು ತಮ್ಮ ಡಾಕ್ಟರ ಬಳಿ ಹೋದಾಗ, ಅವರು ಫೈಲು ತೆರೆದು, ಇನ್ನೊಮ್ಮೆ ಪರೀಕ್ಷೆಗೆ ಯಾಕೆ ಹೋಗಿಲ್ಲ ಎಂದು ಕೇಳಿದ್ದರಿಂದ ಎಲ್ಲ ಹೊರಬಿದ್ದದ್ದು. ಕೆಲಸ ಮುಗಿಯುವ ವಾರ ಅಲ್ಲಿಯ ಕಚೇರಿಯ ಗುಮಾಸ್ತೆ ನನ್ನ ಜೊತೆ ಫೋನಿನಲ್ಲಿ ಮಾತಾಡುವಾಗ ಹೇಳಿದಳು: ಆ ಹೆಂಗಸು ಮೊನ್ನೆ ಕಚೇರಿಗೆ ಬಂದಿದ್ದರು, ತಪ್ಪನ್ನು ಇಷ್ಟು ಬೇಗ ಕಂಡುಹಿಡಿದು ಮಿಕ್ಕ ಹತ್ತು ಜನರನ್ನೂ ಹುಡುಕಿಕೊಟ್ಟವರು ಯಾರು ಎಂದು ಕೇಳಿದರು, ಭಾರತದಲ್ಲಿ ಮೂವರಿದ್ದಾರೆ ಅಂದೆ, ಅವರಿಗೆ ನನ್ನ ಕೃತಜ್ಞತೆ ತಿಳಿಸಿ ಅಂದರು.

ಪತ್ತೆ ಮಾಡಿದವರ ಬಗ್ಗೆ ಅವಳು ಹೇಳಿದ್ದಾಳೆ, ತಪ್ಪು ಮಾಡಿದವರ ಬಗ್ಗೆ ಹೇಳಿಲ್ಲ.

"ಪತ್ತೆ ಮಾಡಿದವರೂ ತಪ್ಪು ಮಾಡಿದವರೂ ಒಬ್ಬರೇ ಎಂದು ಅವರಿಗೆ ಹೇಳಬೇಕು," ಅಂದೆ ನನಗೆ ಬರುವ ಇಂಗ್ಲಿಷಿನಲ್ಲಿ. "ಆ ಸಾಲು ಬರೆದವಳು ನಾನೇ. ಅದನ್ನೂ ಹೇಳಿ. ದಯವಿಟ್ಟು."

ಅವಳು ಮೆಲ್ಲಗೆ, ಹೇಳುತ್ತೇನೆ ಅಂದಳು. ಹೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ.